ಕಬ್ಬಿಣ ಉಳಿಸಿ, ರಬ್ಬರ್ ಬಿಸಾಕಿ: ಹಳೆ ಕಾರಿನ ಬ್ರೇಕ್ ಹೇಳುವ ಚರಿತ್ರೆ

ಮನೆ ಮುಂದೆ ಒಂದು ಹಳೆ ಅಂಬಾಸಿಡರ್ ಇದೆ, ಇಲ್ಲವೇ ಪ್ರೀಮಿಯರ್ ಪದ್ಮಿನಿ ಇದೆ. ಬ್ರೇಕ್ ಒತ್ತಿದರೆ ಪೆಡಲ್ ಅರ್ಧ ದಾರಿ ಖಾಲಿ ಹೋಗುತ್ತದೆ. ಚಕ್ರದ ಒಳಗಿಂದ ಕಿರ್ ಅನ್ನುವ ಸದ್ದು ಬರುತ್ತದೆ. ಇರುವ ಸಾಮಾನನ್ನೇ ರಿಪೇರಿ ಮಾಡಿಸೋದಾ, ಇಡೀ ಸೆಟ್ ಹೊಸದು ಹಾಕಿಸೋದಾ? ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ ಒಂದು ಹೇಳುತ್ತಾನೆ, ಬೆಂಗಳೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯವನು ಇನ್ನೊಂದು ಹೇಳುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಬೇರೆ ಬೇರೆ ಕಾಲದ ಮಾತು ಆಡುತ್ತಿದ್ದಾರೆ, ಅಷ್ಟೇ.

ಆ ಕಾಲಗಳ ಕಥೆಯನ್ನು ನಾವು ದಕ್ಷಿಣ ಬೆಂಗಳೂರಿನಿಂದ ಹೇಳುತ್ತೇವೆ. ಕನಕಪುರ, ಹಾರೋಹಳ್ಳಿ ಕಡೆಯಿಂದ ಬರುವವರಿಗೆ ಮೊದಲು ಸಿಗುವ ಬೆಂಗಳೂರು ಅದು. ಬನಶಂಕರಿಯಲ್ಲಿ ಬಸ್ ಇಳಿದು, ಜಯನಗರ, ಸೌತ್ ಎಂಡ್ ಸರ್ಕಲ್, ಲಾಲ್‌ಬಾಗ್ ಪಶ್ಚಿಮ ದ್ವಾರ, ಮಿನರ್ವ ಸರ್ಕಲ್ ದಾಟಿದರೆ ಜೆ.ಸಿ. ರೋಡ್ ಬಂತು. ರವೀಂದ್ರ ಕಲಾಕ್ಷೇತ್ರ ಇರುವ ಅದೇ ರಸ್ತೆ. ನಾಟಕಕ್ಕೆ ಹೋಗುವವರಿಗೆ ಅದು ಕಲೆಯ ರಸ್ತೆ. ಗಾಡಿ ಇಟ್ಟುಕೊಂಡವರಿಗೆ ಅದು ಬಿಡಿಭಾಗಗಳ ರಸ್ತೆ. ಪಕ್ಕದಲ್ಲೇ ಕಲಾಸಿಪಾಳ್ಯ. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರದ ಹಳೆ ಮನೆಗಳ ಕಾಂಪೌಂಡಿನೊಳಗೆ ಇವತ್ತೂ ಹೊದಿಕೆ ಹೊದ್ದುಕೊಂಡ ಒಂದೊಂದು ಫಿಯೆಟ್, ಒಂದೊಂದು ಅಂಬಾಸಿಡರ್ ಕಾಣುತ್ತದೆ. ಕೆಲವಕ್ಕೆ ಮೈಸೂರು ರಾಜ್ಯದ ಕಾಲದ ಎಂ.ವೈ. ನಂಬರ್ ಪ್ಲೇಟೇ ಇದೆ. ಅವುಗಳ ಯಜಮಾನರಿಗೂ ನಿಮಗೂ ಇರುವ ಪ್ರಶ್ನೆ ಒಂದೇ.

ಮೊದಲು ಸ್ವಲ್ಪ ದೂರ ಹೋಗಿ ಬರೋಣ. ಕಾರಿನ ಬ್ರೇಕ್ ಲೈನರ್ ಹುಟ್ಟಿದ್ದೇ ಒಂದು ರಿಪೇರಿಯಲ್ಲಿ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಎಂಬ ಹೆಂಗಸು, ಗಂಡ ಕಾರ್ಲ್ ಬೆಂಜ್ ಮಾಡಿದ ಮೋಟಾರು ಗಾಡಿಯನ್ನು ಅವನಿಗೆ ಹೇಳದೆ ತೆಗೆದುಕೊಂಡು, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ ನೂರು ಕಿಲೋಮೀಟರ್ ಆಸುಪಾಸು ಓಡಿಸಿದಳು. ತವರುಮನೆ ಪ್ರಯಾಣ. ಇಳಿಜಾರುಗಳಲ್ಲಿ ಮರದ ಬ್ರೇಕ್ ತುಂಡುಗಳು ಸವೆದುಹೋದವು. ದಾರಿಯಲ್ಲಿ ಸಿಕ್ಕ ಚಮ್ಮಾರನಿಂದ ಆ ಮರಕ್ಕೆ ಚರ್ಮ ಹೊಡೆಸಿಕೊಂಡು ಮುಂದೆ ಹೋದಳು. ಅದೇ ಮೊದಲ ಲೈನರ್.

ಎತ್ತಿನ ಗಾಡಿಗೆ ಬಿರಿ ಹಾಕಿ ಗೊತ್ತಿರುವವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮರ ಸವೆಯುತ್ತದೆ, ಸವೆಯುವ ಜಾಗಕ್ಕೆ ಬೇರೆ ಏನನ್ನೋ ಹೊಡೆಯುತ್ತೇವೆ. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ಬ್ರೇಕಿಗೆ ಲೈನಿಂಗ್ ಮಾಡಲು ಹೊರಟದ್ದೂ ಕುದುರೆ ಗಾಡಿಯವರು ಇಳಿಜಾರಿನಲ್ಲಿ ಹಳೆ ಬೂಟನ್ನು ಚಕ್ರಕ್ಕೆ ಒತ್ತುವುದನ್ನು ನೋಡಿಯೇ ಅಂತ ಹೇಳುತ್ತಾರೆ. ಅವನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ, ಹೆಂಡತಿಯ ಹೆಸರಿನ ಒಂದು ಅಕ್ಷರ ಸೇರಿಸಿ ಫೆರೋಡೊ ಎಂಬ ಬ್ರ್ಯಾಂಡ್ ಬಂತು. 1902ರಲ್ಲಿ ಫ್ರಾನ್ಸಿನ ಲೂಯಿ ರೆನೊ ಡ್ರಮ್ ಬ್ರೇಕ್ ತಂದ: ಚಕ್ರದ ಜೊತೆ ತಿರುಗುವ ಕಬ್ಬಿಣದ ಬಾಂಡ್ಲಿ, ಅದರೊಳಗೆ ಎರಡು ಅರ್ಧಚಂದ್ರದ ಶೂ, ಶೂ ಮೇಲೆ ಲೈನರ್. ಪೆಡಲ್ ಒತ್ತಿದಾಗ ಶೂಗಳು ಅಗಲವಾಗಿ ಬಾಂಡ್ಲಿಯ ಒಳಮೈಗೆ ಉಜ್ಜುತ್ತವೆ. ಪದ್ಮಿನಿಯ ನಾಲ್ಕೂ ಚಕ್ರದಲ್ಲಿ ಇರುವುದು ಇದೇ.

ಈಗ ನಮ್ಮೂರಿಗೆ ಬರೋಣ. ಬೆಂಗಳೂರಿನಲ್ಲಿ ರಿಪೇರಿ ಬೆಳೆದದ್ದು ಯಾಕೆ? ಮಿತವ್ಯಯ ನಮ್ಮ ರಕ್ತದಲ್ಲೇ ಇದೆ ಅಂತ ಕೆಲವರು ಹೇಳುವುದುಂಟು. ನಮಗೆ ಆ ಮಾತು ಒಪ್ಪಿಗೆಯಿಲ್ಲ. ಸಾಮಾನು ಸಿಗುತ್ತಿರಲಿಲ್ಲ, ಅದಕ್ಕೆ ರಿಪೇರಿ.

ಸಾಮಾನು ಸಿಗದಿರಲು ಒಂದು ಹಿನ್ನೆಲೆ ಇದೆ. ಸರ್ ಎಂ. ವಿಶ್ವೇಶ್ವರಯ್ಯ 1930ರ ದಶಕದಲ್ಲಿ ಯುರೋಪು, ಅಮೆರಿಕ ಸುತ್ತಿ ಬಂದು ಭಾರತದಲ್ಲಿ ಕಾರು ಕಾರ್ಖಾನೆ ಆಗಬೇಕು ಅಂತ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದರ ಹಿಂದೆ ನಿಂತರು. ಮೈಸೂರು ಸಂಸ್ಥಾನವೂ ಕೈಜೋಡಿಸಲು ಮುಂದಾಗಿತ್ತು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ಸಿಗಲಿಲ್ಲ. ಅದೇ ವಾಲ್‌ಚಂದ್ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ಇವತ್ತಿನ ಎಚ್‌ಎಎಲ್‌ನ ಮೂಲ ಅದು. ಕಾರಿನ ಕಂಪನಿ, ಅಂದರೆ ಪ್ರೀಮಿಯರ್ ಆಟೊಮೊಬೈಲ್ಸ್, 1944ರಲ್ಲಿ ಬೊಂಬಾಯಿಗೆ ಹೋಯಿತು. ಹೀಗೆ ಬೆಂಗಳೂರಿಗೆ ವಿಮಾನ ಬಂತು, ಕಾರು ಬರಲಿಲ್ಲ.

1950ರ ದಶಕದ ಆರಂಭದಲ್ಲಿ ನಮ್ಮ ರಸ್ತೆಗಳಲ್ಲಿ ಇದ್ದದ್ದು ಬಹುಪಾಲು ವಿದೇಶಿ ಕಾರುಗಳೇ. 1953ರಲ್ಲಿ ಟ್ಯಾರಿಫ್ ಕಮಿಷನ್ ವರದಿ ಬಂತು. ಇಲ್ಲೇ ತಯಾರಿಸುವ ಯೋಜನೆ ಇರುವವರಿಗೆ ಮಾತ್ರ ಅವಕಾಶ, ಬರೀ ಜೋಡಿಸಿ ಮಾರುವವರಿಗೆ ಇಲ್ಲ ಎಂದು ಸರ್ಕಾರ ನಿರ್ಧರಿಸಿತು. 1928ರಿಂದ ಬೊಂಬಾಯಿಯಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಬಾಗಿಲು ಹಾಕಿತು, ಫೋರ್ಡ್ ಕೂಡ ಹೋಯಿತು. ಕಂಪನಿ ಹೋಯಿತು, ಅದು ಮಾರಿದ ಷೆವರ್ಲೆ ಕಾರುಗಳು ಇಲ್ಲೇ ಉಳಿದವು. ಬಿಡಿಭಾಗ ತರಿಸಬೇಕಾದರೆ ಆಮದು ಲೈಸೆನ್ಸ್ ಬೇಕು, ವಿದೇಶಿ ವಿನಿಮಯ ಬೇಕು. ಒಂದು ಬ್ರೇಕ್ ಡ್ರಮ್ಮಿಗಾಗಿ ದೆಹಲಿ ನೋಡುವವರು ಯಾರು?

ದೇಶಿ ಕಾರುಗಳ ಕಥೆಯೂ ಬಹಳ ಬೇರೆ ಇರಲಿಲ್ಲ. ಅಂಬಾಸಿಡರ್ 1957-58ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಿಂದ ಬಂತು. ಪ್ರೀಮಿಯರ್ ಕಂಪನಿಯ ಫಿಯೆಟ್ 1100 ಮುಂದೆ 1970ರ ದಶಕದಲ್ಲಿ ಪದ್ಮಿನಿ ಅಂತ ಹೆಸರು ಬದಲಿಸಿತು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದು ಪಡೆದ ಕಾರನ್ನು ಯಾರೂ ಹತ್ತು ವರ್ಷಕ್ಕೆ ಬಿಸಾಕುವುದಿಲ್ಲ. ಅಪ್ಪ ಕೊಂಡದ್ದನ್ನು ಮಗ ಓಡಿಸಿದ.

ಹೊಸ ಸಾಮಾನು ಇಲ್ಲದಿದ್ದರೂ ಬೆಂಗಳೂರಿನಲ್ಲಿ ಲೇತ್ ಇತ್ತು, ಲೇತ್ ಹಿಡಿದು ಕೆಲಸ ಮಾಡಬಲ್ಲ ಕೈಗಳಿದ್ದವು. ಎಚ್‌ಎಎಲ್ ಇತ್ತು. 1953ರಲ್ಲಿ ಎಚ್‌ಎಂಟಿ ಸ್ಥಾಪನೆಯಾಗಿ ಜಾಲಹಳ್ಳಿಯಲ್ಲಿ ಲೇತ್ ಯಂತ್ರಗಳನ್ನೇ ತಯಾರಿಸತೊಡಗಿತು. ಈಗಿನ ಬಿಟಿಎಂ ಲೇಔಟ್‌ಗೆ ಹತ್ತಿರದ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ ಬಂತು. ಇವತ್ತು ಅದು ಬಾಷ್, ಆದರೆ ಬಿಟಿಎಂನಲ್ಲಿ ಮೈಕೋ ಲೇಔಟ್ ಎಂಬ ಹೆಸರು ಹಾಗೇ ಉಳಿದಿದೆ. ಇವಕ್ಕೆ ಚಿಲ್ಲರೆ ಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪುಗಳು ಊರ ತುಂಬ ಹುಟ್ಟಿಕೊಂಡವು. ದಾವಣಗೆರೆ ಕಡೆಯ ಓದುಗರಿಗೆ ಇನ್ನೊಂದು ಹೆಸರು ನೆನಪಾಗಿರಬೇಕು: ಹರಿಹರದ ಮೈಸೂರು ಕಿರ್ಲೋಸ್ಕರ್. 1941ರಲ್ಲಿ ಸ್ಥಾಪನೆಯಾದ ಕಂಪನಿ, ಲೇತ್‌ಗೆ ಹೆಸರುವಾಸಿ. ಕಾರ್ಖಾನೆ ಮುಚ್ಚಿಹೋಗಿದೆ. ಅಲ್ಲಿಂದ ಹೊರಟ ಲೇತ್‌ಗಳು ಮಾತ್ರ ಅಷ್ಟು ಬೇಗ ಸಾಯುವ ಜಾತಿಯವಲ್ಲ.

ಬ್ರೇಕಿಗೂ ಲೇತ್‌ಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಡ್ರಮ್ಮಿನಲ್ಲಿದೆ. ಲೈನರ್ ಉಜ್ಜಿ ಉಜ್ಜಿ ಡ್ರಮ್ಮಿನ ಒಳಮೈ ಗೆರೆ ಬೀಳುತ್ತದೆ, ಒಂದು ಕಡೆ ಹೆಚ್ಚು ಸವೆದು ಮೊಟ್ಟೆಯಾಕಾರ ಆಗುತ್ತದೆ. ಆಗ ಬ್ರೇಕ್ ಒತ್ತಿದರೆ ಪೆಡಲ್ ಕಾಲಿನಡಿ ಮಿಡಿಯುತ್ತದೆ. ಡ್ರಮ್ಮನ್ನು ಲೇತ್‌ಗೆ ಕಟ್ಟಿ ತೆಳ್ಳಗೆ ಒಂದು ಪದರ ಹೆರೆದರೆ ಮತ್ತೆ ದುಂಡಗಾಗುತ್ತದೆ. ಇದಕ್ಕೆ ಸ್ಕಿಮ್ಮಿಂಗ್ ಅನ್ನುತ್ತಾರೆ, ಗ್ಯಾರೇಜಿನ ಬಾಯಲ್ಲಿ "ಡ್ರಮ್ ಟರ್ನಿಂಗ್". ಹೆರೆಯುವುದಕ್ಕೆ ಮಿತಿ ಇದೆ. ಕಾರಿನ ಡ್ರಮ್ಮಿನಲ್ಲಿ ವ್ಯಾಸ ಒಟ್ಟು ಒಂದೂವರೆ ಮಿಲಿಮೀಟರ್ ಆಸುಪಾಸು ಹೆಚ್ಚಾದರೆ ಸಾಕು, ಆಮೇಲೆ ಕಬ್ಬಿಣ ತೆಳ್ಳಗಾಗಿ ಬಿಸಿ ತಡೆಯುವುದಿಲ್ಲ, ಬಿರುಕು ಬಿಡುತ್ತದೆ. ಎಡದ್ದನ್ನು ಎಷ್ಟು ಹೆರೆದರೋ ಬಲದ್ದನ್ನೂ ಅಷ್ಟೇ ಹೆರೆಯಬೇಕು. ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಕಾರು ಒಂದು ಕಡೆ ಎಳೆಯುತ್ತದೆ.

ಒಳ್ಳೆ ಕೆಲಸಗಾರ ಮತ್ತು ಬರೀ ಕೆಲಸಗಾರ ಬೇರೆಯಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಡ್ರಮ್ ಹೆರೆದ ಮೇಲೆ ಅದರ ಸುತ್ತು ದೊಡ್ಡದಾಯಿತು. ಹಳೆ ಅಳತೆಯ ಲೈನರ್ ಹಾಕಿದ ಶೂ ಈಗ ನಡುವೆ ಮಾತ್ರ ತಾಗುತ್ತದೆ, ಎರಡೂ ತುದಿ ಗಾಳಿಯಲ್ಲಿ. ಹಾಗಾಗಿ ಸ್ವಲ್ಪ ದಪ್ಪನೆಯ ಲೈನರ್ ಹೊಡೆದು, ಅದನ್ನು ಹೊಸ ಸುತ್ತಿಗೆ ಸರಿಯಾಗಿ ಕಮಾನಿನಂತೆ ಅರೆಯಬೇಕು. ಶೂ ಕಬ್ಬಿಣದ್ದು, ಹಳೆ ಲೈನರ್ ಕಿತ್ತು, ಮೈ ಸ್ವಚ್ಛ ಮಾಡಿ, ಹೊಸ ಲೈನರ್ ಇಟ್ಟು ಮೆತ್ತನೆಯ ಲೋಹದ ರಿವೆಟ್ ಹೊಡೆಯುತ್ತಾರೆ. ರಿವೆಟ್ಟನ್ನು ನಡುವಿನಿಂದ ಶುರು ಮಾಡಿ ತುದಿಗಳ ಕಡೆಗೆ ಹೊಡೆಯುತ್ತಾ ಹೋಗಬೇಕು. ತುದಿಯಿಂದ ಶುರು ಮಾಡಿದರೆ ನಡುವೆ ಉಬ್ಬು ಉಳಿಯುತ್ತದೆ. ರಿವೆಟ್ಟಿನ ತಲೆ ಲೈನರ್ ಒಳಗೆ ತಗ್ಗಿನಲ್ಲಿ ಕೂರಬೇಕು. ಲೈನರ್ ಸವೆದು ಆ ತಲೆ ಡ್ರಮ್ಮಿಗೆ ತಾಗಿದಾಗ ಬರುವುದೇ ಮೊದಲು ಹೇಳಿದ ಕಿರ್ ಸದ್ದು. ಅದು ಕಾರು ಕೊಡುವ ಎಚ್ಚರಿಕೆ. ರೇಡಿಯೊ ಜೋರು ಮಾಡಿದರೆ ಹೋಗುವುದಿಲ್ಲ.

ಇಷ್ಟೂ ಕೆಲಸದಲ್ಲಿ ಉಳಿಯುವುದು ಕಬ್ಬಿಣ: ಡ್ರಮ್ಮು, ಶೂ. ಈ ಕಬ್ಬಿಣವನ್ನು ಎರಡು ಮೂರು ಸಲ ಬದುಕಿಸಬಹುದು, ಅದರಲ್ಲಿ ಅಪಾಯ ಇಲ್ಲ. ಆದರೆ ಬ್ರೇಕಿನಲ್ಲಿ ಕಬ್ಬಿಣ ಅರ್ಧ ಮಾತ್ರ. ಇನ್ನರ್ಧ ಎಣ್ಣೆ ಮತ್ತು ರಬ್ಬರ್.

ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನಲ್ಲಿ 1921ರಲ್ಲಿ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಬಂತು. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರಿನ ದ್ರವ ಪೈಪಿನಲ್ಲಿ ಓಡಿ, ಚಕ್ರದ ಬಳಿಯ ವೀಲ್ ಸಿಲಿಂಡರಿನಲ್ಲಿ ಶೂಗಳನ್ನು ತಳ್ಳುತ್ತದೆ. ಆರಂಭದ ದ್ರವ ಯಾವುದು ಗೊತ್ತೇ? ಹರಳೆಣ್ಣೆ, ಜೊತೆಗೆ ಆಲ್ಕೋಹಾಲ್. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಅದೇ ಹರಳಿನ ಎಣ್ಣೆ. ಅದನ್ನೇ ಆರಿಸಲು ಕಾರಣವಿತ್ತು. ಸಿಲಿಂಡರಿನೊಳಗೆ ದ್ರವ ಸೋರದಂತೆ ತಡೆಯುವ ರಬ್ಬರ್ ಕಪ್‌ಗಳು ಸಹಜ ರಬ್ಬರಿನವು. ಹರಳೆಣ್ಣೆ ಅವನ್ನು ಕೆಡಿಸುವುದಿಲ್ಲ. ನೆಲದಿಂದ ತೆಗೆದ ಎಣ್ಣೆ, ಅಂದರೆ ಇಂಜಿನ್ ಆಯಿಲ್, ಡೀಸೆಲ್, ಇವು ತಾಗಿದರೆ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಈಗಿನ ಬ್ರೇಕ್ ಆಯಿಲ್ ಬೇರೆ ರಾಸಾಯನಿಕದ್ದು, ಆದರೆ ನಿಯಮ ಅದೇ. ದಾರಿಯಲ್ಲಿ ಬ್ರೇಕ್ ಆಯಿಲ್ ಖಾಲಿಯಾಯಿತು ಅಂತ ಇಂಜಿನ್ ಆಯಿಲ್ ಸುರಿದವರ ಕಾರು ಹೇಗೋ ಊರು ಸೇರುತ್ತದೆ. ಆಮೇಲೆ ಒಳಗಿನ ಒಂದೊಂದು ರಬ್ಬರನ್ನೂ ತೆಗೆದು ಎಸೆಯಬೇಕು.

ರಬ್ಬರಿಗೆ ರಿಪೇರಿ ಎಂಬುದೇ ಇಲ್ಲ. ಸಾಮಾನು ಸಿಗದ ಕಾಲದಲ್ಲಿ ಹಳೆ ಕಪ್ಪನ್ನೇ ತಿರುಗಿಸಿ ಹಾಕುವುದು, ಬಿರುಕು ಬಿಟ್ಟ ಹೋಸ್ ಪೈಪಿಗೆ ಪಟ್ಟಿ ಸುತ್ತುವುದು ಎಲ್ಲವೂ ನಡೆಯುತ್ತಿತ್ತು. ಒಂದು ಚಕ್ರದ ಪೈಪ್ ಒಡೆದರೆ ಅದನ್ನು ಬಡಿದು ಮುಚ್ಚಿ ಮೂರೇ ಬ್ರೇಕಿನಲ್ಲಿ ಗಾಡಿ ತಂದ ಸಾಹಸಗಳನ್ನು ಹಳೆ ಚಾಲಕರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಕೇಳಲು ಚೆನ್ನಾಗಿರುತ್ತದೆ. ಹಾಗೆ ತರಲು ಹೋಗಿ ಊರು ಮುಟ್ಟದವರು ಕಥೆ ಹೇಳಲು ಉಳಿದಿರುವುದಿಲ್ಲ, ಅದನ್ನೂ ನೆನಪಿಡಬೇಕು. ಹಳೆ ಅಂಬಾಸಿಡರ್, ಫಿಯೆಟ್‌ಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ದ್ರವದ ಜಾಲ ಇರುತ್ತಿತ್ತು. ಎಲ್ಲೋ ಒಂದು ಕಡೆ ಅಂಗೈಯಷ್ಟು ಉದ್ದದ ರಬ್ಬರ್ ಹೋಸ್ ಒಡೆದರೆ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಜಾಲ ಮಾಡುವ ಪದ್ಧತಿ ಆಮೇಲೆ ಬಂದದ್ದು.

ಅಪಘಾತದ ಸುದ್ದಿಗಳಲ್ಲಿ "ಬ್ರೇಕ್ ವೈಫಲ್ಯ" ಎಂಬ ಎರಡು ಪದ ಬರುತ್ತದೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಲೈನರ್ ಸವೆದಿತ್ತಾ, ಕಪ್ ಹರಿದಿತ್ತಾ, ದ್ರವ ಕುದಿದಿತ್ತಾ? ಠಾಣೆಯ ಕಾಗದದಲ್ಲಿ ಅಷ್ಟು ವಿವರ ಅಪರೂಪ. ದ್ರವ ಕುದಿಯುವುದು ಹಾಸ್ಯವಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಅಳತೆ 140ಕ್ಕೆ ಇಳಿಯುತ್ತದೆ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಕಾಲು ಬ್ರೇಕಿನ ಮೇಲಿಟ್ಟುಕೊಂಡೇ ಇಳಿದರೆ ಡ್ರಮ್ ಕಾದು ಹಿಗ್ಗುತ್ತದೆ, ಶೂಗೂ ಅದಕ್ಕೂ ಅಂತರ ಬೀಳುತ್ತದೆ, ಹಳೆ ದ್ರವ ಕುದಿದು ಪೈಪಿನಲ್ಲಿ ಆವಿ ತುಂಬುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಶೂ ತಳ್ಳುವುದಿಲ್ಲ. ಪೆಡಲ್ ನೆಲ ಮುಟ್ಟುತ್ತದೆ. ಬುದ್ಧಿವಂತ ಚಾಲಕರು ಹತ್ತುವ ಗೇರಿನಲ್ಲೇ ಇಳಿಯುವುದು ಇದಕ್ಕೇ.

ಈಗ ಮತ್ತೆ ಚರಿತ್ರೆಗೆ. 1962ರಲ್ಲಿ ಮದ್ರಾಸಿನ ಟಿವಿಎಸ್ ಬಳಗ ಇಂಗ್ಲೆಂಡಿನ ಲೂಕಾಸ್ ಬಳಗದ ಗರ್ಲಿಂಗ್ ಜೊತೆ ಸೇರಿ ಬ್ರೇಕ್ಸ್ ಇಂಡಿಯಾ ಶುರು ಮಾಡಿತು. ಅಲ್ಲೇ 1964ರಲ್ಲಿ ರಾಣೆ, 1974ರಲ್ಲಿ ಸುಂದರಂ ಲೈನಿಂಗ್ ಕಂಪನಿಗಳು ಬಂದವು. ಹೊಸ ಲೈನರ್, ಹೊಸ ಕಿಟ್ ನಮ್ಮ ದೇಶದಲ್ಲೇ ಸಿಗತೊಡಗಿತು. ಕಿಟ್ ಅಂದರೆ ಒಂದು ಸಣ್ಣ ಪೊಟ್ಟಣ: ಸಿಲಿಂಡರ್ ಹಳೆಯದೇ, ಒಳಗಿನ ರಬ್ಬರ್ ಎಲ್ಲ ಹೊಸದು. ನಮ್ಮ ಪ್ರಕಾರ ಇಡೀ ಕಥೆಯಲ್ಲಿ ಅತ್ಯಂತ ಜಾಣತನದ ವಸ್ತು ಇದು. ರಿಪೇರಿಯೋ ಬದಲಾವಣೆಯೋ ಎಂಬ ಜಗಳವನ್ನೇ ಅದು ಮುಗಿಸಿಬಿಟ್ಟಿತ್ತು.

1983ರ ಡಿಸೆಂಬರ್‌ನಲ್ಲಿ ಮಾರುತಿ ಬಂತು. ಆಮೇಲೆ 1991ರ ಉದಾರೀಕರಣ. ಕಂಪನಿ ಸರ್ವಿಸ್ ಸೆಂಟರ್‌ಗಳಲ್ಲಿ ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕುವುದೇ ರೂಢಿಯಾಯಿತು. ಇದನ್ನು ಬೈಯುವವರ ಸಾಲಿನಲ್ಲಿ ನಾವಿಲ್ಲ. ದಿನಾ ಓಡುವ ಕಾರಿಗೆ ಒಳ್ಳೆ ಕಂಪನಿಯ ಹೊಸ ಶೂ, ಹೊಸ ಸಿಲಿಂಡರ್ ಸುರಕ್ಷಿತ, ಸಮಯವೂ ಉಳಿಯುತ್ತದೆ. ಶತಮಾನ ಬದಲಾಗುವ ಹೊತ್ತಿಗೆ ಪದ್ಮಿನಿ ನಿಂತಿತು, 2014ರಲ್ಲಿ ಅಂಬಾಸಿಡರ್ ನಿಂತಿತು. ತಯಾರಿಕೆ ನಿಂತ ಕಾರಿಗೆ ಕಂಪನಿಯ ಅಸಲಿ ಭಾಗ ಬರುವುದಿಲ್ಲ. ಹಳೆ ದಾಸ್ತಾನು ಸಿಗುತ್ತದೆ, ಬೇರೆಯವರು ಅಚ್ಚು ಮಾಡಿದ್ದು ಸಿಗುತ್ತದೆ, ನಕಲಿಯೂ ಸಿಗುತ್ತದೆ. ಮತ್ತೆ 1953ರ ಸ್ಥಿತಿ, ಬೇರೆ ಬಾಗಿಲಿನಿಂದ.

ಈ ಸಲದ ಅಪಾಯ ಮಾತ್ರ ಬೇರೆ. ಆಗ ಹೊಸದು ಇರಲಿಲ್ಲ. ಈಗ ಹೊಸದರಂತೆ ಕಾಣುವುದು ಬೇಕಾದಷ್ಟಿದೆ. ಹಳೆ ದಾಸ್ತಾನು ಅಂತ ಮೂವತ್ತು ವರ್ಷದ ಹಿಂದಿನ ರಬ್ಬರ್ ಕಿಟ್ ಕೊಟ್ಟರೆ, ಪೊಟ್ಟಣ ಒಡೆಯದಿದ್ದರೂ ಅದು ಮುದಿ ರಬ್ಬರೇ. ಬೆರಳಿನಲ್ಲಿ ಬಗ್ಗಿಸಿದರೆ ಸಣ್ಣ ಬಿರುಕು ಕಾಣುತ್ತದೆ. ಹಳೆ ದಾಸ್ತಾನಿನ ಡ್ರಮ್ ಆದರೆ ಸಂತೋಷದಿಂದ ಕೊಳ್ಳಿ. ಕಬ್ಬಿಣಕ್ಕೆ ಪೆಟ್ಟಿಗೆಯಲ್ಲಿ ವಯಸ್ಸಾಗುವುದು ಕಡಿಮೆ. ಈಗಿನ ಹೊಸ ಡ್ರಮ್ ಆದರೂ ಹಾಕುವ ಮೊದಲು ಲೇತ್‌ಗೆ ಕಟ್ಟಿ ದುಂಡಗಿದೆಯೇ ಅಂತ ನೋಡಿಸುವುದು ಒಳ್ಳೆಯದು. ಸಿಲಿಂಡರಿನ ಒಳಮೈಯಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ಉಜ್ಜಿ ನಯ ಮಾಡುವುದರಿಂದ ಕೆಲಸ ಆಗುವುದಿಲ್ಲ, ಹೊಸ ಕಪ್ಪನ್ನೂ ಆ ಗುಳಿ ಹರಿಯುತ್ತದೆ. ಬದಲಿ ಸಿಲಿಂಡರ್ ಸಿಗದಿದ್ದರೆ ಒಳಗೆ ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ತೋಳು ಕೂರಿಸುತ್ತಾರೆ, ಸ್ಲೀವಿಂಗ್ ಅಂತ. ನುರಿತ ಕೈ ಮಾಡಿದರೆ ಅದು ಮೂಲ ಸಿಲಿಂಡರಿಗಿಂತ ಹೆಚ್ಚು ಬಾಳುತ್ತದೆ, ತುಕ್ಕು ಹಿಡಿಯುವುದಿಲ್ಲ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲ್ ಹಾಕಿ ತೊಳೆದು, ಬೆಂಕಿ ಕಾಯಿಸಿ ಮತ್ತೆ ಹಾಕುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಅದು ಬೇಡ. ಹೊರಗೆ ಒಣಗಿ ಕಂಡರೂ ಬಿಸಿಯಾದಾಗ ಒಳಗಿನ ಎಣ್ಣೆ ಮೇಲೆ ಬರುತ್ತದೆ.

ಒಂದು ವಿಷಯ ಗ್ಯಾರೇಜಿನ ಹುಡುಗರಿಗಾಗಿ. ಫೆರೋಡೊ ಕಾಲದಿಂದ ಬಹಳ ವರ್ಷ ಲೈನರಿಗೆ ಬಿಸಿ ತಡೆಯಲು ಬೆರೆಸುತ್ತಿದ್ದದ್ದು ಆಸ್ಬೆಸ್ಟಾಸ್, ಕಲ್ನಾರು. ಅದರ ನಾರು ಶ್ವಾಸಕೋಶ ಸೇರಿದರೆ ಕ್ಯಾನ್ಸರ್ ಬರಬಹುದು, ಅದೂ ಹಲವು ದಶಕಗಳಾದ ಮೇಲೆ. ಬ್ರಿಟನ್ 1999ರಲ್ಲಿ ಅದನ್ನು ಪೂರ್ತಿ ನಿಷೇಧಿಸಿತು. ಹಳೆ ಕಾರಿನ ಡ್ರಮ್ ಬಿಚ್ಚಿದಾಗ ಒಳಗೆ ಇರುವ ಬೂದು ಪುಡಿಯನ್ನು ಬಾಯಿಂದ ಊದುವುದು, ಏರ್ ಹೋಸ್‌ನಿಂದ ಹಾರಿಸುವುದು ಕೂಡದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಕಬೇಕು. ರಿಪೇರಿಯ ಚರಿತ್ರೆಯನ್ನು ಹೊಗಳಿ ಬರೆಯುವಾಗ ಈ ಪುಡಿ ನುಂಗಿದ ಕೆಲಸಗಾರರ ಲೆಕ್ಕ ಯಾರೂ ಬರೆಯುವುದಿಲ್ಲ.

ಸರ್ಕಾರದ ನಿಯಮಗಳೂ ಈಗ ನಡುವೆ ಬಂದಿವೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಯಿತು. ಮೂಲ ರೂಪದಲ್ಲೇ ಉಳಿಸಿಕೊಂಡ, ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ 2021ರಲ್ಲಿ ಬಂತು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ವಿ.ಎ. ಅಕ್ಷರ. ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಜಯನಗರದ ಶೆಡ್ಡಿನಲ್ಲಿ ಭಾನುವಾರಕ್ಕೆ ಮಾತ್ರ ಹೊರಬರುವ ಕಾರಿಗೆ ಇದು ಸರಿಹೋಗುತ್ತದೆ. ಮದುವೆಗೆ, ಆಸ್ಪತ್ರೆಗೆ, ಸಂತೆಗೆ ಓಡುವ ನಿಮ್ಮೂರಿನ ಅಂಬಾಸಿಡರಿಗೆ ಸರಿಹೋಗುವುದಿಲ್ಲ. ಅದು ಪ್ರತಿ ಸಲ ಫಿಟ್‌ನೆಸ್ ಪಾಸಾಗಬೇಕು. ಬ್ರೇಕ್ ಅಲ್ಲಿ ಮೊದಲು ನೋಡುವ ಸಂಗತಿಗಳಲ್ಲಿ ಒಂದು.

ಜೆ.ಸಿ. ರೋಡಿಗೆ ಹೋಗುವುದಾದರೆ ಬರಿಗೈಯಲ್ಲಿ ಹೋಗಬೇಡಿ. ಬಿಚ್ಚಿದ ಹಳೆ ಶೂ, ಹಳೆ ಕಪ್ ಚೀಲದಲ್ಲಿ ತೆಗೆದುಕೊಂಡು ಹೋಗಿ, ಅಳತೆ ಹೋಲಿಸಿ ಕೊಳ್ಳಿ. ಒಂದೇ ಹೆಸರಿನ ಕಾರಿಗೆ ಬೇರೆ ಬೇರೆ ವರ್ಷದಲ್ಲಿ ಬೇರೆ ಬೇರೆ ಅಳತೆ ಬಂದಿದೆ. ಎರಡೂ ಡ್ರಮ್ಮನ್ನು ಒಟ್ಟಿಗೆ ಕೊಂಡೊಯ್ದು ಒಂದೇ ಲೇತ್‌ನಲ್ಲಿ, ಒಂದೇ ಕೈಯಲ್ಲಿ ಹೆರೆಸಿ, ಹೆರೆದ ಮೇಲಿನ ಅಳತೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಆ ಚೀಟಿ ಬೇಕಾಗುತ್ತದೆ. ಅಳತೆ ಮಿತಿ ಮೀರಿದೆ ಅಂತ ಲೇತ್‌ನವನು ಕೆಲಸ ಮಾಡಲು ಒಪ್ಪದಿದ್ದರೆ ಜಗಳ ಆಡಬೇಡಿ, ಅವನ ಅಂಗಡಿಯ ವಿಳಾಸ ಬರೆದುಕೊಂಡು ಬನ್ನಿ.